ಕತ್ತಲಲ್ಲಿ ತೇಲುವ ಫೋಮ್ ಫ್ಲೈ: ಕಟ್ಟುವ ಕ್ರಮ ಮತ್ತು ಅದರ ಹಿಂದಿನ ಕಾರಣ

ಅಮೆರಿಕದಲ್ಲಿ ಕೆಲಸದಲ್ಲಿರುವ ನಮ್ಮ ಕಡೆಯ ಗಾಳಗಾರರು ರಜೆಗೆಂದು ದಾವಣಗೆರೆಗೆ ಬಂದಾಗ ಫ್ಲೈ, ಅಂದರೆ ಗಾಳದ ಮೇಲೆ ಕೂದಲು, ಗರಿ, ಫೋಮ್ ಕಟ್ಟಿ ಮಾಡಿದ ಹುಸಿ ಎರೆ, ಕಟ್ಟಿಸಿಕೊಂಡು ಹೋಗುತ್ತಾರೆ. ಅವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಹಗಲಿನಲ್ಲಿ ಸ್ಮಾಲ್‌ಮೌತ್ ಬಾಸ್ ಮೀನನ್ನು ಚೆನ್ನಾಗಿ ಸೆಳೆಯುವ ಫ್ಲೈ ರಾತ್ರಿ ಏಕೆ ಸೋಲುತ್ತದೆ? ಈ ಕಸುಬಿನಲ್ಲಿ ನಾನು ಕಂಡುಕೊಂಡ ಉತ್ತರ ಇಷ್ಟು. ರಾತ್ರಿಯ ಫ್ಲೈ ಮೊದಲು ನೀರನ್ನು ತಳ್ಳಬೇಕು, ಆಮೇಲೆ ಕೆಳಗಿನಿಂದ ನೋಡುವ ಮೀನಿಗೆ ಆಕಾಶದ ಎದುರು ಗಟ್ಟಿಯಾದ ಕಪ್ಪು ಆಕೃತಿಯಾಗಿ ಕಾಣಬೇಕು. ಬಣ್ಣ, ಮಿಂಚು, ಅಂಟಿಸಿದ ಕಣ್ಣು ಇವೆಲ್ಲ ಅದರ ನಂತರದ ಮಾತು.

ಸ್ಮಾಲ್‌ಮೌತ್ ಬಾಸ್ ಉತ್ತರ ಅಮೆರಿಕದ ಸಿಹಿನೀರಿನ ಮೀನು. ಗ್ರೇಟ್ ಲೇಕ್ಸ್, ಸೇಂಟ್ ಲಾರೆನ್ಸ್ ಮತ್ತು ಮಿಸಿಸಿಪ್ಪಿ ನದಿಯ ಮೇಲ್ಭಾಗದ ನೀರು ಅದರ ತವರು. ಸೀಗಡಿಯ ದಾಯಾದಿಯಾದ ಕ್ರೇಫಿಷ್ ಅದರ ಮುಖ್ಯ ಆಹಾರವಾದರೂ ಕಪ್ಪೆ, ಪತಂಗ, ನೀರಿಗೆ ಬಿದ್ದ ಇಲಿಮರಿ ಯಾವುದನ್ನೂ ಅದು ಬಿಡುವುದಿಲ್ಲ. ಬೇಸಿಗೆಯಲ್ಲಿ ನೀರು ತಿಳಿಯಾಗಿ, ಬಿಸಿಲು ನೆತ್ತಿಗೇರಿದಾಗ ಆಳದಲ್ಲಿ ಅಡಗುವ ಈ ಮೀನು ಕತ್ತಲಾದ ಮೇಲೆ ದಡದ ಕಲ್ಲುಗಳ ಬಳಿ ಮೇಯಲು ಬರುತ್ತದೆ. ಮೀನಿನ ಎರಡೂ ಪಕ್ಕಗಳಲ್ಲಿ ತಲೆಯಿಂದ ಬಾಲದವರೆಗೆ ಹರಿಯುವ ಪಾರ್ಶ್ವರೇಖೆ ಎಂಬ ಇಂದ್ರಿಯವಿದೆ. ಹತ್ತಿರದಲ್ಲಿ ಏನಾದರೂ ಚಲಿಸಿದಾಗ ಪಕ್ಕಕ್ಕೆ ಸರಿಯುವ ನೀರಿನ ಒತ್ತಡವನ್ನು ಅದು ಗ್ರಹಿಸುತ್ತದೆ. ಬೆಳಕು ತೀರ ಕಡಿಮೆಯಾದಾಗ ಕಣ್ಣು ಬಣ್ಣಗಳನ್ನು ಬೇರ್ಪಡಿಸಲಾರದು, ಆದರೆ ಕಪ್ಪು ಬಿಳುಪಿನ ವ್ಯತ್ಯಾಸವನ್ನು ಹಿಡಿಯಬಲ್ಲದು. ಈ ಎರಡು ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಫ್ಲೈ ಕಟ್ಟುವ ಮುಂದಿನ ಪ್ರತಿಯೊಂದು ನಿರ್ಧಾರವೂ ಸುಲಭವಾಗುತ್ತದೆ.

ಬಾಸ್ ಮೀನಿಗೆ ತೇಲುವ ಫ್ಲೈಗಳನ್ನು ಹಿಂದೆ ಕಾರ್ಕಿನಿಂದಲೂ ಜಿಂಕೆಯ ಕೂದಲಿನಿಂದಲೂ ಮಾಡುತ್ತಿದ್ದರು. ಅಮೆರಿಕದಲ್ಲಿ ಈಗಲೂ ಮಾಡುವವರಿದ್ದಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವುದರಿಂದ ನಮ್ಮ ಕಾಡಿನ ಜಿಂಕೆಯ ಕೂದಲನ್ನು ಇಟ್ಟುಕೊಳ್ಳುವುದೇ ಅಪರಾಧ, ಮತ್ತು ಅದು ಹಾಗೆಯೇ ಇರಬೇಕು. ಫೋಮ್ ಆ ಕೊರತೆಯನ್ನು ಪೂರ್ತಿ ತುಂಬಿಕೊಡುತ್ತದೆ. ಶಾಲೆಯ ಮಕ್ಕಳ ಕರಕುಶಲ ಕೆಲಸಕ್ಕೆಂದು ಸ್ಟೇಷನರಿ ಅಂಗಡಿಗಳಲ್ಲಿ ಮಾರುವ 2 ಮಿಲಿಮೀಟರ್ ದಪ್ಪದ ಇವಿಎ ಎಂಬ ಮೆತ್ತನೆಯ ಫೋಮ್ ಹಾಳೆಯೇ ಸಾಕು. ಅದರೊಳಗಿನ ಗಾಳಿಯ ಗೂಡುಗಳು ಒಂದಕ್ಕೊಂದು ಮುಚ್ಚಿಕೊಂಡಿರುವುದರಿಂದ ನೀರು ಒಳಗಿಳಿಯುವುದಿಲ್ಲ. ಹಾಳೆಯನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಗುಳಿ ಕೂಡಲೇ ಮೇಲೆದ್ದರೆ ಕೊಳ್ಳಿರಿ. ಚಪ್ಪಲಿಯ ಅಟ್ಟೆ ಕತ್ತರಿಸಿ ಬಳಸಬಹುದೇ ಎಂದು ಹಲವರು ಕೇಳುತ್ತಾರೆ. ಅದು ತೇಲುತ್ತದೆ ನಿಜ, ಆದರೆ ಗಡುಸಾದ್ದರಿಂದ ದಾರಕ್ಕೆ ಬಗ್ಗುವುದಿಲ್ಲ.

ರಾತ್ರಿಗೆ ನಾನು ಹೆಚ್ಚಾಗಿ ಕಟ್ಟುವುದು ಗರ್ಗ್ಲರ್ ಮಾದರಿಯನ್ನು. ಬಾಸ್ಟನ್‌ನ ಜ್ಯಾಕ್ ಗಾರ್ಟ್‌ಸೈಡ್ ರೂಪಿಸಿದ ಈ ಮಾದರಿಯಲ್ಲಿ ಒಂದೇ ಫೋಮ್ ಪಟ್ಟಿ ಬೆನ್ನೂ ಆಗುತ್ತದೆ, ನೀರನ್ನು ತಳ್ಳುವ ತುಟಿಯೂ ಆಗುತ್ತದೆ. ಅಗಲ ಬಾಯಿಯ 2 ಅಥವಾ 4ನೇ ನಂಬರಿನ ಗಾಳವನ್ನು ವೈಸ್ ಎಂಬ ಹಿಡಿಕೆಗೆ ಕಚ್ಚಿಸಿ, ಅದರ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿ. ಕತ್ತಲಲ್ಲಿ ಮೀನನ್ನು ಬಿಡಿಸುವಾಗ ಅದಕ್ಕೂ ನಿಮ್ಮ ಬೆರಳಿಗೂ ಇದರಿಂದ ಕ್ಷೇಮ. ಗಾಳದ ದಂಡಿನ ಉದ್ದಕ್ಕೂ ದಾರವನ್ನು ಒತ್ತಾಗಿ ಸುತ್ತಬೇಕು, ಏಕೆಂದರೆ ಬರಿಯ ಉಕ್ಕಿನ ಮೇಲೆ ಕಟ್ಟಿದ ಫೋಮ್ ನಾಲ್ಕು ಎಸೆತಗಳಲ್ಲಿ ತಿರುಗಿಬಿಡುತ್ತದೆ. ಬಾಲಕ್ಕೆ ಕರಿ ಮೇಕೆಯ ಕೂದಲು ನನಗೆ ಬಹಳ ಹಿಡಿಸಿದೆ. ಚಳ್ಳಕೆರೆ ಕಡೆಯ ಪರಿಚಿತ ಕುರಿಗಾಹಿಗಳು ಅದನ್ನು ತಂದುಕೊಡುತ್ತಾರೆ. ಬಾಲ ದಂಡಿನ ಉದ್ದದಷ್ಟಿದ್ದರೆ ಸಾಕು, ಅದಕ್ಕಿಂತ ಉದ್ದವಾದರೆ ಎಸೆಯುವಾಗ ಗಾಳಕ್ಕೆ ಸುತ್ತಿಕೊಳ್ಳುತ್ತದೆ.

ಈಗ 10 ಮಿಲಿಮೀಟರ್ ಅಗಲದ ಫೋಮ್ ಪಟ್ಟಿಯನ್ನು ದಂಡಿನ ಮೇಲೆ ಮಲಗಿಸಿ, ಹೆಚ್ಚಿನ ಭಾಗ ಬಾಲದ ಕಡೆಗೆ ಚಾಚಿಕೊಂಡಿರುವಂತೆ ಹಿಡಿದು ಕಟ್ಟಬೇಕು. ಹೊಸಬರು ಎಡವುವುದು ಇಲ್ಲಿಯೇ, ಆದ್ದರಿಂದ ತುಸು ವಿವರವಾಗಿ ಹೇಳುತ್ತೇನೆ. ಮೊದಲ ಎರಡು ಸುತ್ತು ಸಡಿಲವಾಗಿ, ಫೋಮ್ ತಗ್ಗದಂತೆ ಬೀಳಬೇಕು. ಮೂರನೆಯ ಸುತ್ತಿನಿಂದ ಬಿಗಿಯನ್ನು ಸ್ವಲ್ಪಸ್ವಲ್ಪವೇ ಏರಿಸಬೇಕು. ಮೊದಲ ಸುತ್ತನ್ನೇ ಜಗ್ಗಿದರೆ ದಾರ ಫೋಮನ್ನು ಕೊಯ್ದುಬಿಡುತ್ತದೆ. ದಾರವೂ ಅಷ್ಟೇ ಮುಖ್ಯ. ಮೊಳಕಾಲ್ಮೂರಿನ ರೇಷ್ಮೆ ನೂಲಿನಿಂದ ಕಟ್ಟಬಹುದಲ್ಲವೇ ಎಂದು ಚಿತ್ರದುರ್ಗದ ಯುವಕರೊಬ್ಬರು ಆಸೆಯಿಂದ ಕೇಳಿದ್ದರು. ಹುರಿ ಮಾಡಿದ ನೂಲು ದುಂಡಗಿರುವುದರಿಂದ ಫೋಮಿಗೆ ನಾಟುತ್ತದೆ, ಹುರಿ ಇಲ್ಲದೆ ಚಪ್ಪಟೆಯಾಗಿ ಹರಡುವ 140 ಅಥವಾ 210 ಡೆನಿಯರ್ (ನೂಲಿನ ದಪ್ಪದ ಅಳತೆ) ದಾರ ಮಾತ್ರ ಒತ್ತಡವನ್ನು ಅಗಲಕ್ಕೆ ಹಂಚುತ್ತದೆ. ಸುತ್ತುಗಳು ಕೂತ ಮೇಲೆ ಒಂದು ಹನಿ ಫೆವಿಕ್ವಿಕ್ ಕೆಳಗಿನಿಂದ ಹಾಕಿರಿ. ಆಮೇಲೆ ಹುಂಜದ ಕುತ್ತಿಗೆಯ ಕಪ್ಪು ಗರಿಯೊಂದನ್ನು ಹಿಂದಿನಿಂದ ಮುಂದಕ್ಕೆ ಸುತ್ತಿ, ಪಟ್ಟಿಯನ್ನು ಬೆನ್ನ ಮೇಲೆ ಮುಂದಕ್ಕೆ ಮಡಚಿ, ಗಾಳದ ಕಣ್ಣಿನ, ಅಂದರೆ ದಾರ ಕಟ್ಟುವ ಬಳೆಯ, ಹಿಂದೆ ಬಿಗಿಯಿರಿ. ಕಣ್ಣನ್ನು ದಾಟಿ 6ರಿಂದ 8 ಮಿಲಿಮೀಟರ್ ತುಟಿ ಉಳಿಯುವಂತೆ ಪಟ್ಟಿಯನ್ನು ಕತ್ತರಿಸಿ, ತುಟಿಯ ಬುಡದಲ್ಲಿ ಮುಂದಿನಿಂದ ನಾಲ್ಕಾರು ಸುತ್ತು ಹಾಕಿದರೆ ಅದು ತಲೆಯೆತ್ತಿ ನಿಲ್ಲುತ್ತದೆ. ಹಗಲಿನ ಫ್ಲೈಗಿಂತ ಈ ತುಟಿ ಅಗಲವಾಗಿಯೇ ಇರಲಿ. ರಾತ್ರಿ ಮೀನನ್ನು ಕರೆಯುವುದು ಇದೇ.

ಫೋಮ್ ಪೂರ್ತಿ ದಂಡಿನ ಮೇಲ್ಗಡೆಯೇ ಉಳಿದಿದೆಯೇ ಎಂದು ಪಕ್ಕದಿಂದ ನೋಡಿರಿ. ದಂಡಿಗೂ ಮೊನೆಗೂ ನಡುವಿನ ಜಾಗ ತುಂಬಿಹೋಗಿದ್ದರೆ ಮೀನು ಕಚ್ಚಿದರೂ ಗಾಳ ನಾಟದು. ಅನಂತರ ಒಂದು ಬಕೆಟ್ ನೀರಿನಲ್ಲಿ ಬಿಟ್ಟು ನೋಡಬೇಕು: ಬಾಲ ತುಸು ಮುಳುಗಿ, ತುಟಿ ನೀರಿನ ಮೇಲಿರಬೇಕು, ಮೊನೆ ಕೆಳಮುಖವಾಗಿರಬೇಕು. ಮಗ್ಗುಲಿಗೆ ವಾಲುವ ಫ್ಲೈಯನ್ನು ನಾನು ಯಾರಿಗೂ ಕೊಡುವುದಿಲ್ಲ. ಬೆನ್ನಿನ ಮೇಲೆ ಚಿಕ್ಕದೊಂದು ಬಿಳಿ ಫೋಮ್ ತುಂಡು ಅಂಟಿಸಿದರೆ ನಿಮಗೆ ಗುರುತು ಸಿಗುತ್ತದೆ, ಕೆಳಗಿರುವ ಮೀನಿಗೆ ಅದು ಕಾಣುವುದಿಲ್ಲ.

ನೀರಿನಲ್ಲಿ ಆಡಿಸುವ ಬಗೆಯೂ ಹಗಲಿಗಿಂತ ಬೇರೆ. ಹಗಲಿನಲ್ಲಿ ಎಳೆದು, ನಿಲ್ಲಿಸಿ, ಮತ್ತೆ ಎಳೆಯುತ್ತೇವೆ. ಕತ್ತಲಲ್ಲಿ ನಿಂತ ಫ್ಲೈ ಮೀನಿಗೆ ಕಳೆದುಹೋದಂತೆಯೇ. ಆದ್ದರಿಂದ ನಿಧಾನವಾಗಿ, ಒಂದೇ ಲಯದಲ್ಲಿ, ತುಟಿ ನೀರನ್ನು ಸೀಳುವ ಸದ್ದು ಕಡಿಯದಂತೆ ಎಳೆಯಬೇಕು. ನೀರು ಸಿಡಿದ ಸದ್ದು ಕೇಳಿದೊಡನೆ ಕೋಲು ಎತ್ತಬೇಡಿ, ದಾರದಲ್ಲಿ ಭಾರ ತಿಳಿಯುವವರೆಗೆ ತಡೆಯಿರಿ.

ಸ್ಮಾಲ್‌ಮೌತ್ ನಮ್ಮ ನೀರಿನ ಮೀನಲ್ಲ, ಅದನ್ನು ತಂದು ನಮ್ಮ ಕೆರೆಗಳಿಗೆ ಬಿಡುವ ಯೋಚನೆಯನ್ನು ಯಾರೂ ಮಾಡಬಾರದು. ಕಪ್ಪೆಯ ಮೇಲೆ ಎರಗುವ ಕುಚ್ಚು ಮೀನು ನಮ್ಮಲ್ಲಿಯೇ ಇದೆ, ಮತ್ತು ಮುಸ್ಸಂಜೆ, ನಸುಕಿನ ಮಂದ ಬೆಳಕಿನಲ್ಲಿ ಇದೇ ಫ್ಲೈ ಅದಕ್ಕೂ ಒಪ್ಪುತ್ತದೆ. ಸೂಳೆಕೆರೆಯೇ ಆಗಲಿ, ಊರ ಕೆರೆಯೇ ಆಗಲಿ, ಗಾಳ ಹಾಕುವ ಮುನ್ನ ಮೀನುಗಾರಿಕೆ ಇಲಾಖೆಯ ಅಥವಾ ಕೆರೆಯನ್ನು ಗುತ್ತಿಗೆ ಹಿಡಿದವರ ಒಪ್ಪಿಗೆ ಪಡೆಯಿರಿ. ಮಳೆಗಾಲದಲ್ಲಿ ಕೆಂಪು ಮರಿಗಳ ಹಿಂಡು ಮೇಲೆ ಕಂಡರೆ ಅದರ ಕೆಳಗೆ ಕಾವಲಿರುವ ದೊಡ್ಡ ಮೀನನ್ನು ಹಿಡಿಯಬೇಡಿ, ಅದು ಹೋದರೆ ಮರಿಗಳು ಬೇರೆ ಮೀನುಗಳ ಪಾಲಾಗುತ್ತವೆ. ಕುಚ್ಚು ಮೀನು ಇರುವಲ್ಲಿ ಜೊಂಡು, ತಾವರೆ ಎಲೆ ಇದ್ದೇ ಇರುವುದರಿಂದ ಫ್ಲೈಗೆ ಒಂದು ಬದಲಾವಣೆ ಬೇಕು: ಬಾಲ ಕಟ್ಟುವ ಮೊದಲೇ 0.5 ಮಿಲಿಮೀಟರಿನ ನೈಲಾನ್ ತಂತಿಯೊಂದನ್ನು ಗಾಳದ ಬಾಗಿನ ಬಳಿ ಕಟ್ಟಿ, ಕೊನೆಯಲ್ಲಿ ಅದನ್ನು ಮೊನೆಯ ಕೆಳಗಿನಿಂದ ಕುಣಿಕೆಯಂತೆ ತಂದು ಕಣ್ಣಿನ ಹಿಂದೆ ಬಿಗಿದರೆ ಫ್ಲೈ ಎಲೆಗಳ ಮೇಲೆ ಸಿಕ್ಕಿಕೊಳ್ಳದೆ ಜಾರಿ ಬರುತ್ತದೆ.