ಹಂತಕ ಅಂದರೆ ಯಾರು?

ಮೊನ್ನೆ ನಮ್ಮ ಮಂಡ್ಯದ ವಾಟ್ಸಾಪ್ ಗುಂಪಿನಲ್ಲಿ ಮತ್ತೆ ಅದೇ ಸಾಲು ಬಂತು: 'ರಾಜೀವ್ ಗಾಂಧಿ ಹಂತಕರು ಅಡಗಿದ್ದ ಮುತ್ತತ್ತಿ'. ಎಷ್ಟು ಸಲ ಓದಿದ್ದೇನೋ. ಈ ಸಲ ಸುಮ್ನಿರಲು ಆಗಲಿಲ್ಲ.

ಹಂತಕ ಅಂದರೆ ಕೊಂದವನು. ಕೊಲ್ಲಿಸಿದವನಲ್ಲ, ಕೊಂದವನಿಗೆ ಬಾಡಿಗೆಗೆ ಮನೆ ಕೊಟ್ಟವನಲ್ಲ, ಅವನ ಗುಂಪಿನವನು ಅನ್ನಿಸಿಕೊಂಡವನೂ ಅಲ್ಲ. ಸಂಸ್ಕೃತದ 'ಹನ್' ಧಾತುವಿನಿಂದ ಬಂದ ಮಾತು ಇದು. ಹನ್ ಅಂದರೆ ಕೊಲ್ಲು ಅಂತ ಎಲ್ಲರಿಗೂ ಗೊತ್ತು, ಹೊಡೆ ಅಂತಲೂ ಅರ್ಥ ಇದೆ ಅನ್ನುವುದು ಮರೆತುಹೋಗುತ್ತದೆ. ಸಂಗೀತ ಕಲಿತವರನ್ನು ಕೇಳಿ: ಬಡಿದು, ಮೀಟಿ ಹುಟ್ಟಿಸಿದ ನಾದ ಆಹತ, ಹಾಗಲ್ಲದ್ದು ಅನಾಹತ. ಅಲ್ಲಿ ಸಾವಿಲ್ಲ, ಬರೀ ಪೆಟ್ಟು. ಹತ, ಹತ್ಯೆ, ಹನನ, ಘಾತ, ಆಘಾತ ಎಲ್ಲ ಒಂದೇ ಮನೆಯ ಮಕ್ಕಳು. ಶತ್ರುಘ್ನನ 'ಘ್ನ' ಕೂಡ. ಯಾರನ್ನಾದರೂ ಕೃತಘ್ನ ಅಂತ ಬೈದರೆ, ಮಾಡಿದ ಉಪಕಾರವನ್ನೇ ಕೊಂದವನು ಅಂತ ಬೈದ ಹಾಗೆ. (ಕೃತಜ್ಞನ ಜೊತೆ ಇವನನ್ನು ಕಲಸುವವರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.) ಪೆಟ್ಟು ಹಾಕಿದ್ದು ಯಾರು? ಹಂತಕ ಅನ್ನುವ ಪದ ಹೇಳುವುದು ಅಷ್ಟನ್ನೇ.

ಈಗ ರಾಜೀವ್ ಕೊಲೆಯಾದ ತಮಿಳುನಾಡಿನ ಶ್ರೀಪೆರಂಬುದೂರಿಗೆ ಬನ್ನಿ. 1991ರ ಮೇ 21ರ ರಾತ್ರಿ ಮೈಗೆ ಬಾಂಬ್ ಕಟ್ಟಿಕೊಂಡು ಬಂದ ಧನು ರಾಜೀವ್ ಜೊತೆಗೇ ಸತ್ತಳು. ಹಂತಕಿ ಅವಳು. ಆಮೇಲೆ ಮೂರು ತಿಂಗಳು ಪೊಲೀಸರು ಹುಡುಕಿದ್ದು ಸಂಚುಕೋರರನ್ನು, ಮುಖ್ಯವಾಗಿ ಶಿವರಾಸನ್‌ನನ್ನು. ಆ ಬೇಟೆ ಆಗಸ್ಟ್ 20ರಂದು ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಮುಗಿಯಿತು. ಅದಕ್ಕೆ ಕೆಲವೇ ದಿನ ಮೊದಲು ನಮ್ಮ ಜಿಲ್ಲೆಯ ಮುತ್ತತ್ತಿಯಲ್ಲಿ ಪೊಲೀಸರನ್ನು ಕಂಡು ಸೈನೈಡ್ ನುಂಗಿದವರು ಗಾಯಗೊಂಡು ಬಂದು ಅಡಗಿದ್ದ ಎಲ್‌ಟಿಟಿಇಯವರು, ಅಂದರೆ ಶ್ರೀಲಂಕಾದ ತಮಿಳು ಬಂಡುಕೋರ ಸಂಘಟನೆಯವರು. ಧನು, ಶಿವರಾಸನ್ ಇದ್ದ ಸಂಘಟನೆಯವರೇ ನಿಜ. ಅಷ್ಟಕ್ಕೇ ಹಂತಕರಾಗುತ್ತಾರಾ?

'ಸಂಚು ಮಾಡಿದವನಿಗೂ ಗಲ್ಲೇ ಅಲ್ವಾ, ಏನು ವ್ಯತ್ಯಾಸ?' ಅಂತ ಗುಂಪಿನಲ್ಲಿ ಒಬ್ಬರು ಕೇಳಿದರು. ಶಿಕ್ಷೆ ಒಂದೇ ಆಗಬಹುದು, ಮಾಡಿದ ಕೆಲಸ ಒಂದೇ ಅಲ್ಲ. ಇನ್ನೂ ದೊಡ್ಡ ವ್ಯತ್ಯಾಸ ಇದೆ, ಕೇಳಿ. 1998ರಲ್ಲಿ ವಿಶೇಷ ನ್ಯಾಯಾಲಯ ಈ ಪ್ರಕರಣದ 26 ಆರೋಪಿಗಳಿಗೂ ಗಲ್ಲು ವಿಧಿಸಿತು. ಮರುವರ್ಷ ಸುಪ್ರೀಂ ಕೋರ್ಟು ಅವರಲ್ಲಿ 19 ಜನರನ್ನು ಕೊಲೆಯ ಆರೋಪದಿಂದ ಬಿಟ್ಟಿತು. ಅಷ್ಟರಲ್ಲಿ ಆ 19 ಜನರನ್ನೂ ಹಂತಕರು ಅಂತ ಎಷ್ಟು ಬಾಯಿ ಅಂದಿತ್ತೋ! ಆರೋಪಿ ಅಂದಿದ್ದರೆ ಯಾರ ಗಂಟು ಹೋಗುತ್ತಿತ್ತು?

ಹಂತಕನನ್ನೇ ಬೆನ್ನಟ್ಟಿದ ಕಥೆ ಬೇಕಾದರೆ ಲಿಂಕನ್‌ದು ಇದೆ. 1865ರ ಏಪ್ರಿಲ್ 14ರಂದು ನಾಟಕಶಾಲೆಯಲ್ಲಿ ಗುಂಡು ಹಾರಿಸಿ ಓಡಿದ ಬೂತ್, 12 ದಿನದ ಮೇಲೆ ವರ್ಜೀನಿಯಾದ ಒಂದು ಕೊಟ್ಟಿಗೆಯಲ್ಲಿ ಸಿಕ್ಕಿಬಿದ್ದ. ಅಲ್ಲಿ ಪದ ಸರಿಯಾಗಿ ಕೂರುತ್ತದೆ. ಸ್ವೀಡನ್ ಪ್ರಧಾನಿ ಪಾಲ್ಮೆ 1986ರಲ್ಲಿ ನಡುಬೀದಿಯಲ್ಲಿ ಕೊಲೆಯಾದರು. 1989ರಲ್ಲಿ ಒಬ್ಬನಿಗೆ ಶಿಕ್ಷೆಯಾಯಿತು, ಅದೇ ವರ್ಷ ಮೇಲ್ಮನವಿಯಲ್ಲಿ ಬಿಡುಗಡೆಯೂ ಆಯಿತು. ಅವನನ್ನು ಹಂತಕ ಅನ್ನುವುದು ಹೇಗೆ?

ಗುಂಪಿನ ಆ ಸಾಲನ್ನು ನಾನು ಹೀಗೆ ತಿದ್ದಿ ಹಾಕಿದೆ: 'ಗಾಯಗೊಂಡ ಎಲ್‌ಟಿಟಿಇಯವರು ಅಡಗಿದ್ದ ಮುತ್ತತ್ತಿ'.