ಸ್ವಯಂಪ್ರೇರಿತ ಇಂಧನ ದಕ್ಷತಾ ಒಪ್ಪಂದ

ಒಂದು ಕಾರ್ಖಾನೆಯೋ ಇಡೀ ಉದ್ಯಮ ವಲಯವನ್ನು ಪ್ರತಿನಿಧಿಸುವ ಸಂಘವೋ ನಿಗದಿತ ಅವಧಿಯೊಳಗೆ ತನ್ನ ಇಂಧನ ದಕ್ಷತೆಯನ್ನು ಇಂತಿಷ್ಟು ಹೆಚ್ಚಿಸಿಕೊಳ್ಳುವುದಾಗಿ ಸರ್ಕಾರದೊಂದಿಗೆ ಲಿಖಿತವಾಗಿ ಮಾಡಿಕೊಳ್ಳುವ ಕರಾರನ್ನು ಸ್ವಯಂಪ್ರೇರಿತ ಇಂಧನ ದಕ್ಷತಾ ಒಪ್ಪಂದ ಎನ್ನುತ್ತಾರೆ. ಸಹಿ ಹಾಕಲೇಬೇಕೆಂದು ಕಾನೂನು ಒತ್ತಾಯಿಸುವುದಿಲ್ಲ. ಹಾಕಿದ ಮೇಲೆ ಮಾತ್ರ ಗುರಿ, ಗಡುವು, ವಾರ್ಷಿಕ ವರದಿ ಎಲ್ಲಕ್ಕೂ ಬದ್ಧವಾಗಿರಬೇಕಾಗುತ್ತದೆ.

ಇಂಥ ಏರ್ಪಾಡು ಬೇಕಾದುದಕ್ಕೆ ಕಾರಣ ಕಾರ್ಖಾನೆಯ ಒಳಗೇ ಇದೆ. ಮನೆಬಳಕೆಯ ಫ್ರಿಜ್ಜಿಗೆ ಎಲ್ಲೆಡೆ ಒಂದೇ ಮಾನದಂಡ ವಿಧಿಸಬಹುದು. ಆದರೆ ಒಂದು ಕಾಗದದ ಗಿರಣಿ ಇನ್ನೊಂದರಂತಿರುವುದಿಲ್ಲ, ಮತ್ತು ಎಲ್ಲಿ ಉಗಿ ಸೋರುತ್ತಿದೆ, ಯಾವ ಕಂಪ್ರೆಸರ್ ರಜಾದಿನದಲ್ಲೂ ಸುಮ್ಮನೆ ಓಡುತ್ತಿದೆ ಎಂಬುದು ಅಲ್ಲಿನ ಎಂಜಿನಿಯರಿಗೆ ತಿಳಿದಿರುವಷ್ಟು ಸರ್ಕಾರಿ ಅಧಿಕಾರಿಗೆ ತಿಳಿದಿರಲಾರದು. ದೊಡ್ಡ ಫ್ಯಾನನ್ನು ಪೂರ್ಣ ವೇಗದಲ್ಲಿ ತಿರುಗಿಸುತ್ತಲೇ ಗಾಳಿಯ ಹಾದಿಗೆ ಅಡ್ಡವಿರುವ ತಡೆಹಲಗೆಯನ್ನು (ಡ್ಯಾಂಪರ್) ಅರ್ಧ ಮುಚ್ಚಿ ಗಾಳಿಯನ್ನು ತಡೆಯುವುದು ಅನೇಕ ಕಡೆ ಕಾಣಸಿಗುತ್ತದೆ. ಅದರ ಬದಲು ಮೋಟರಿನ ವೇಗವನ್ನು ಬದಲಿಸುವ ಸಾಧನವಾದ ಡ್ರೈವ್ ಅಳವಡಿಸಿ ವೇಗವನ್ನೇ ಶೇ. 20ರಷ್ಟು ತಗ್ಗಿಸಿದರೆ, ಬೇಕಾಗುವ ವಿದ್ಯುತ್ತು ವೇಗದ ಘನಕ್ಕೆ ಅನುಗುಣವಾಗಿ ಇಳಿಯುವುದರಿಂದ, ಬಳಕೆ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಲಾಭ ಹೀಗೆ ಕಣ್ಣೆದುರೇ ಇದ್ದರೂ ಬಂಡವಾಳವೆಲ್ಲ ಮೊದಲು ಉತ್ಪಾದನೆ ಹೆಚ್ಚಿಸುವ ಯಂತ್ರಗಳಿಗೆ ಹೋಗುವುದೇ ರೂಢಿ. ಒಪ್ಪಂದಕ್ಕೆ ಆಡಳಿತ ಮಂಡಳಿಯೇ ಸಹಿ ಹಾಕಿರುವಾಗ ಇಂಥ ಉಳಿತಾಯದ ಪ್ರಸ್ತಾವವನ್ನು ಕಡತದಲ್ಲೇ ಕೊಳೆಯಲು ಬಿಡುವುದು ಕಷ್ಟ.

ಸಾಮಾನ್ಯವಾಗಿ ಮೊದಲು ಎಲ್ಲೆಲ್ಲಿ ಎಷ್ಟು ಇಂಧನ ಖರ್ಚಾಗುತ್ತಿದೆ ಎಂಬುದರ ಲೆಕ್ಕಪರಿಶೋಧನೆ ನಡೆಸಿ, ಹೋಲಿಕೆಗೆ ಒಂದು ಮೂಲವರ್ಷವನ್ನು ಗೊತ್ತುಮಾಡಿ, ಪ್ರತಿ ಟನ್ ಉತ್ಪನ್ನಕ್ಕೆ ಎಷ್ಟು ಇಂಧನ ಎಂಬ ಅಳತೆಯಲ್ಲಿ ಗುರಿಯನ್ನು ಬರೆಯುತ್ತಾರೆ. ಒಟ್ಟು ಬಳಕೆಯನ್ನೇ ಅಳತೆಯಾಗಿಟ್ಟುಕೊಂಡರೆ, ಬೇಡಿಕೆ ಕುಸಿದು ಉತ್ಪಾದನೆ ಇಳಿದ ವರ್ಷ ಏನೂ ಮಾಡದೆಯೇ ಗುರಿ ಮುಟ್ಟಿದಂತಾಗುತ್ತದೆ.

ನೆದರ್ಲೆಂಡ್ಸ್ 1992ರಿಂದ ಉದ್ಯಮ ವಲಯಗಳೊಡನೆ ದೀರ್ಘಾವಧಿ ಒಪ್ಪಂದಗಳನ್ನು ಮಾಡಿಕೊಂಡಿತು. 1989ಕ್ಕೆ ಹೋಲಿಸಿ 2000ದ ವೇಳೆಗೆ ದಕ್ಷತೆಯನ್ನು ಶೇ. 20ರಷ್ಟು ಹೆಚ್ಚಿಸಬೇಕೆಂಬ ಗುರಿಯನ್ನು ಒಟ್ಟಾರೆಯಾಗಿ ಉದ್ಯಮಗಳು ದಾಟಿದವು. ಕಠಿಣ ನಿಯಮಗಳು ಬರಬಹುದೆಂಬ ಅಳುಕು ಅದರ ಹಿಂದೆ ಇತ್ತು. ಡೆನ್ಮಾರ್ಕ್ 1996ರಲ್ಲಿ ಇಂಗಾಲದ ತೆರಿಗೆಯನ್ನೂ ಒಪ್ಪಂದವನ್ನೂ ಒಂದಕ್ಕೊಂದು ಹೆಣೆಯಿತು. ಬ್ರಿಟನ್ 2001ರಲ್ಲಿ ಇಂಧನ ಬಳಕೆಯ ಮೇಲೆ ಹವಾಮಾನ ತೆರಿಗೆಯನ್ನು ಜಾರಿಗೆ ತಂದು, ಒಪ್ಪಂದ ಮಾಡಿಕೊಂಡ ಉದ್ಯಮಗಳಿಗೆ ಅದರಲ್ಲಿ ಶೇ. 80ರಷ್ಟು ರಿಯಾಯಿತಿ ನೀಡಿತು. ಗುರಿ ತಪ್ಪಿದರೆ ರಿಯಾಯಿತಿಯೂ ತಪ್ಪುತ್ತಿತ್ತು. ಬೆನ್ನಿಗೆ ತೆರಿಗೆಯೋ ಕಾನೂನಿನ ಭಯವೋ ಇಲ್ಲದ ಒಪ್ಪಂದ ಸದಾಶಯದ ಹೇಳಿಕೆಯಾಗಿಯೇ ಉಳಿಯುವುದು ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ನಿಜವಾದ ವಿವಾದ ಇರುವುದು ಫಲಿತಾಂಶದ ಲೆಕ್ಕದಲ್ಲಿ. ಹಳೆಯ ಯಂತ್ರ ಸವೆದು ಹೊಸದು ಬಂದಾಗ ದಕ್ಷತೆ ತಾನಾಗಿಯೇ ಸ್ವಲ್ಪ ಏರುತ್ತದೆ. ಒಪ್ಪಂದದ ಖಾತೆಗೆ ಅದನ್ನು ಸೇರಿಸಬಾರದು. ಬ್ರಿಟನ್ನಿನ ಮೊದಲ ಹಂತದಲ್ಲಿಯೇ ಉಳಿತಾಯ ಗುರಿಗಿಂತ ಬಹಳ ಹೆಚ್ಚಾದಾಗ, ಗುರಿಯೇ ತೀರಾ ಸಡಿಲವಾಗಿತ್ತೆಂದು ಕೆಲವರು ಟೀಕಿಸಿದರೆ, ಹುಡುಕತೊಡಗಿದ ಮೇಲಷ್ಟೇ ಕಾರ್ಖಾನೆಗಳಿಗೆ ತಮ್ಮಲ್ಲಿದ್ದ ಪೋಲು ಕಂಡಿತೆಂದು ಇನ್ನು ಕೆಲವರು ವಾದಿಸಿದರು. ಒಪ್ಪಂದ ಇರದಿದ್ದರೆ ಏನಾಗುತ್ತಿತ್ತು ಎಂಬ ಅಂದಾಜನ್ನು ಸಹಿಗೆ ಮೊದಲೇ, ಕಾರ್ಖಾನೆಯ ಹೊರಗಿನವರಿಂದ ಮಾಡಿಸಿಟ್ಟಿದ್ದರೆ ಮಾತ್ರ ಈ ಎರಡು ವಾದಗಳನ್ನು ತೂಗಿ ನೋಡುವುದು ಸಾಧ್ಯ.