ಪ್ಲಾಸ್ಟರ್ ನೆನೆಸುವ ಮೊದಲು: ಫುಟ್ ಡ್ರಾಪ್ ಮತ್ತು ಎಎಫ್‌ಓ ಬಗ್ಗೆ ಟಿಪ್ಪಣಿ

ಹುಬ್ಬಳ್ಳಿಯ ಒಂದು ವರ್ಕ್‌ಶಾಪ್‌ನಲ್ಲಿ ಬ್ರೇಸ್, ಅಂದರೆ ಸೋತ ಕೈಕಾಲಿಗೆ ಹಾಕುವ ಆಸರೆ, ಮಾಡುವ ಕೆಲಸ ಕಲಿಯೋಕೆ ಸೇರಿದ ಹೊಸದರಲ್ಲಿ ನನಗೆ ಪ್ಲಾಸ್ಟರ್ ಕೆಲಸವೇ ದೊಡ್ಡದು ಅನ್ನಿಸಿತ್ತು. ಪಟ್ಟಿ ಸುತ್ತುವುದು, ಮೋಲ್ಡ್ ಕೆರೆಯುವುದು, ಬಿಸಿ ಶೀಟ್ ಎಳೆಯುವುದು. ಈಗ ಹೊಸಬರು ಬಂದರೆ ನಾನು ಅವರನ್ನು ಪ್ಲಾಸ್ಟರ್ ಬಕೆಟ್ ಹತ್ತಿರ ಬೇಗ ಬಿಡುವುದೇ ಇಲ್ಲ. ಮೊದಲು ಅರ್ಧ ಗಂಟೆ ರೋಗಿಯ ಜೊತೆ ಕೂರಿ ಅಂತೀನಿ. ಬ್ರೇಸ್ ಹೇಗಿರಬೇಕು ಅನ್ನುವುದು ಬಹುಪಾಲು ಅಲ್ಲೇ ತೀರ್ಮಾನ ಆಗಿಬಿಡುತ್ತದೆ.

ಎಲ್ಲ ಬ್ರೇಸ್‌ಗಳ ಬಗ್ಗೆ ಬರೆಯೋಕೆ ಹೊರಟರೆ ಯಾವುದೂ ತಲೆಗೆ ಹೋಗಲ್ಲ. ಅದಕ್ಕೇ ಇಲ್ಲಿ ಒಂದೇ ತೊಂದರೆ ಹಿಡಿಯೋಣ: ಫುಟ್ ಡ್ರಾಪ್. ಅಂದರೆ ಪಾದದ ಮುಂಭಾಗ ಮೇಲೆತ್ತೋಕೆ ಆಗದೆ ಜೋತುಬೀಳುವುದು. ಇದಕ್ಕೆ ಕೊಡುವ ಬ್ರೇಸ್ ಎಎಫ್‌ಓ. ಪೂರ್ತಿ ಹೆಸರು ಆಂಕಲ್-ಫುಟ್ ಆರ್ಥೋಸಿಸ್. ಹಿಮ್ಮಡಿಯ ಹಿಂದಿನಿಂದ ಮೇಲೇರಿ ಮೀನಖಂಡದವರೆಗೆ ಬರುವ ಪ್ಲಾಸ್ಟಿಕ್ ಚಿಪ್ಪು. ಇಷ್ಟು ಸರಿಯಾಗಿ ಅರ್ಥವಾದರೆ ಮುಂದೆ ಮೊಣಕಾಲಿನ ಮೇಲೂ ಹೋಗುವ ಉದ್ದದ ಕ್ಯಾಲಿಪರ್ ಕಲಿಯುವುದು ಅರ್ಧ ಸಲೀಸು.

ಕಾಲು ಯಾಕೆ ಜೋತುಬಿತ್ತು?

ಸುಮ್ನೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬ್ಯಾಡಗಿ ಕಡೆಯಿಂದ ಒಬ್ಬ ಅಕ್ಕ ಬಂದಿದ್ದಾರೆ. ಮೆಣಸಿನಕಾಯಿ ಸುಗ್ಗಿಯಲ್ಲಿ ದಿನಗಟ್ಟಲೆ ಕುಕ್ಕರಗಾಲಲ್ಲಿ ಕೂತು ತೊಟ್ಟು ಬಿಡಿಸಿದ್ದಾರೆ. ಒಂದು ಸಂಜೆ ಎದ್ದು ನಿಂತರೆ ಎಡಪಾದ ಮೇಲೆ ಬರುತ್ತಿಲ್ಲ. ನಡೆದರೆ ಪಾದ ನೆಲಕ್ಕೆ 'ಟಪ್' ಅಂತ ಬಡಿಯುತ್ತದೆ. ಬೆರಳು ಎಡವದಿರಲಿ ಅಂತ ಮೊಣಕಾಲನ್ನು ಎತ್ತೆತ್ತಿ ಇಡುತ್ತಾರೆ.

ಮೊಣಕಾಲಿನ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ ಕೈಯಾಡಿಸಿ ನೋಡಿ. ಗುಂಡಿಯಂಥ ಒಂದು ಎಲುಬು ಸಿಗುತ್ತದೆ. ಅದು ಫಿಬುಲಾದ ತಲೆ. ಅದರ ಕೊರಳಿನ ಸುತ್ತ ಕಾಮನ್ ಪೆರೋನಿಯಲ್ ನರ ಬಳಸಿಕೊಂಡು ಹೋಗುತ್ತದೆ. ಮೇಲೆ ಬರೀ ಚರ್ಮ, ಕೆಳಗೆ ಎಲುಬು. ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತರೆ ಅಲ್ಲಿ ನರ ಅದುಮಿಕೊಳ್ಳುತ್ತದೆ. ಪಾದ ಮೇಲೆತ್ತುವ ಸ್ನಾಯುಗಳಿಗೂ ಪಾದವನ್ನು ಹೊರಕ್ಕೆ ತಿರುಗಿಸುವ ಸ್ನಾಯುಗಳಿಗೂ ಹೋಗುವುದು ಇದೇ ನರ.

ಅದೇ ರೀತಿ ಪಾದ ಜೋತುಬೀಳುವುದು ಸೊಂಟದ ಡಿಸ್ಕ್‌ನಿಂದಲೂ ಆಗಬಹುದು. ಎಲ್5 ನರಬೇರು, ಅಂದರೆ ಸೊಂಟದ ಐದನೇ ನರದ ಬುಡ, ಒತ್ತಿಕೊಂಡರೆ ಹೀಗಾಗುತ್ತದೆ. ಬೇರೆ ಮಾಡಿ ನೋಡೋಕೆ ಒಂದು ಸರಳ ಪರೀಕ್ಷೆ ಇದೆ: ಪಾದವನ್ನು ಒಳಕ್ಕೆ ತಿರುಗಿಸೋಕೆ ಹೇಳಿ, ನೀವು ಕೈಯಿಂದ ತಡೆಯಿರಿ. ಒಳಕ್ಕೆ ತಿರುಗಿಸುವ ಮುಖ್ಯ ಸ್ನಾಯುವಿಗೆ ಬರುವುದು ಟಿಬಿಯಲ್ ನರ. ಹಾಗಾಗಿ ಪೆರೋನಿಯಲ್ ನರ ಮಾತ್ರ ಕೆಟ್ಟಿದ್ದರೆ ಈ ಶಕ್ತಿ ಗಟ್ಟಿ ಇರುತ್ತದೆ. ಎಲ್5 ಆದರೆ ಇದೂ ಸೋಲುತ್ತದೆ. ರೋಗ ಹೆಸರಿಸುವುದು ಡಾಕ್ಟರ ಕೆಲಸ, ನಿಜ. ಆದರೂ ಚೀಟಿಯಲ್ಲಿ ಬರೀ 'ಎಎಫ್‌ಓ' ಅಂತ ಬರೆದು ಕಳಿಸಿದಾಗ ಇದು ಗೊತ್ತಿದ್ದರೆ ನೀವು ಡಾಕ್ಟರಿಗೆ ಫೋನ್ ಮಾಡಿ ಸರಿಯಾದ ಪ್ರಶ್ನೆ ಕೇಳಬಹುದು.

ಕಾರಣ ಗೊತ್ತಾದರೆ ಬ್ರೇಸ್ ಆಯ್ಕೆಯೂ ಬದಲಾಗುತ್ತದೆ. ಕೂತು ಅದುಮಿಕೊಂಡ ನರ ಎಷ್ಟೋ ಸಲ ಕೆಲವು ವಾರ, ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತದೆ. ಅಂಥವರಿಗೆ ಹಗುರ ರೆಡಿಮೇಡ್ ಬ್ರೇಸ್ ಸಾಕಾಗಬಹುದು, ದುಡ್ಡೂ ಉಳಿಯುತ್ತದೆ. ಲಕ್ವಾ ಹೊಡೆದವರ ಕಾಲು ಬೇರೆಯೇ ಲೆಕ್ಕ. ಅಲ್ಲಿ ಶಕ್ತಿ ಕಡಿಮೆ ಇರುವುದರ ಜೊತೆ ಬಿಗಿತವೂ ಇರುತ್ತದೆ.

ಕೈಯಲ್ಲಿ ನೋಡಬೇಕಾದ ಮೂರು

ಮೊದಲನೆಯದು, ಪಾದದ ಕೀಲು ಎಷ್ಟು ಬಗ್ಗುತ್ತದೆ. ಮೊಣಕಾಲು ಮಡಚಿ ಪಾದವನ್ನು ಮೇಲಕ್ಕೆ ದೂಡಿ ನೋಡಿ. ಆಮೇಲೆ ಮೊಣಕಾಲು ನೇರ ಮಾಡಿ ಮತ್ತೆ ದೂಡಿ. ಮಡಚಿದಾಗ ಸಲೀಸಾಗಿ ಬಂದು, ನೇರ ಮಾಡಿದಾಗ ಅಡ್ಡ ನಿಂತರೆ ಬಿಗಿಯಾಗಿರುವುದು ಗ್ಯಾಸ್ಟ್ರಾಕ್ನೀಮಿಯಸ್. ಅದು ಮೊಣಕಾಲನ್ನೂ ದಾಟಿ ಹೋಗುವ ಮೀನಖಂಡದ ಸ್ನಾಯು. ಎರಡರಲ್ಲೂ ಅಡ್ಡ ನಿಂತರೆ ಅದರ ಕೆಳಗಿನ ಸ್ನಾಯು ಸೋಲಿಯಸ್ ಅಥವಾ ಕೀಲೇ ಬಿಗಿದಿದೆ. ಇದಕ್ಕೆ ಸಿಲ್ಫ್ವರ್‌ಶೋಲ್ಡ್ ಪರೀಕ್ಷೆ ಅಂತ ಹೆಸರು. ಹೆಸರು ಮರೆತರೂ ಅಡ್ಡಿಯಿಲ್ಲ, ಮಾಡುವುದು ಮರೆಯಬೇಡಿ. ದೂಡುವಾಗ ಹಿಮ್ಮಡಿಯನ್ನು ನೇರ ಹಿಡಿದಿರಬೇಕು. ಇಲ್ಲದಿದ್ದರೆ ಪಾದದ ನಡುಭಾಗ ಕುಸಿದು, ಕೀಲು ಬಗ್ಗಿದ ಹಾಗೆ ಸುಳ್ಳು ತೋರಿಸುತ್ತದೆ.

ಇದು ಯಾಕೆ ಇಷ್ಟು ಮುಖ್ಯ? ಮೊಣಕಾಲು ನೇರ ಇದ್ದಾಗ 90 ಡಿಗ್ರಿಗೆ ಬಾರದ ಪಾದಕ್ಕೆ 90 ಡಿಗ್ರಿ ಬ್ರೇಸ್ ಮಾಡಿದಿರಿ ಅಂದುಕೊಳ್ಳಿ. ಹಿಮ್ಮಡಿ ಬ್ರೇಸ್‌ನೊಳಗೆ ಮೇಲೆದ್ದು ನಿಲ್ಲುತ್ತದೆ. ಇಲ್ಲಾ ಕಮಾನು ಕುಸಿಯುತ್ತದೆ. ರೋಗಿ 'ಚುಚ್ಚತೈತ್ರಿ' ಅಂತಾರೆ, ನಾವು ಹೀಟ್ ಗನ್ ಹಿಡಿದು ಎಲ್ಲೆಲ್ಲೋ ಅಗಲಿಸುತ್ತಾ ಕೂರುತ್ತೀವಿ. ಅಂಥ ಪಾದವನ್ನು ಅದು ಬರುವಷ್ಟು ಕೋನದಲ್ಲೇ ಅಚ್ಚು ತೆಗೆದು, ಹಿಮ್ಮಡಿ ಕೆಳಗೆ ಎತ್ತರ ತುಂಬಿಸಿ ನೆಲಕ್ಕೆ ಹೊಂದಿಸಬೇಕು.

ಎರಡನೆಯದು ಶಕ್ತಿ ಮತ್ತು ಬಿಗಿತ. ಶಕ್ತಿಗೆ 0ಯಿಂದ 5ರವರೆಗೆ ಗ್ರೇಡ್ ಕೊಡುತ್ತಾರೆ. 3 ಅಂದರೆ ಭೂಮಿಯ ಸೆಳೆತದ ವಿರುದ್ಧ ಪೂರ್ತಿ ಎತ್ತಬಲ್ಲರು, ನಮ್ಮ ಕೈ ತಡೆದರೆ ಆಗದು. ಮೇಜಿನ ಮೇಲೆ 3 ಇದ್ದವರು ನಡೆದೂ ನಡೆದೂ ದಣಿದಾಗ ಎಡವುತ್ತಾರೆ, ಅದಕ್ಕೇ ನಾಲ್ಕು ಸುತ್ತು ನಡೆಸಿ ನೋಡಿ. ಬಿಗಿತ ನೋಡೋಕೆ ಪಾದವನ್ನು ಫಕ್ಕನೆ ಮೇಲೆ ದೂಡಿ ಹಿಡಿಯಿರಿ. ತಟತಟ ಅಂತ ಬಡಿದುಕೊಂಡರೆ ಕ್ಲೋನಸ್ ಇದೆ. ತೆಳ್ಳಗಿನ ಬ್ರೇಸ್ ಅಲ್ಲಿ ನಿಲ್ಲಲ್ಲ.

ಮೂರನೆಯದು ಸ್ಪರ್ಶ. 10 ಗ್ರಾಂ ಮಾನೋಫಿಲಮೆಂಟ್ ಅನ್ನುವ ನೈಲಾನ್ ಎಳೆಯನ್ನು ಬಗ್ಗುವಷ್ಟು ಒತ್ತಿ, ಕಣ್ಣು ಮುಚ್ಚಿಸಿ ಕೇಳಬೇಕು. ಸಕ್ಕರೆ ಕಾಯಿಲೆಯವರಲ್ಲಿ ಇದು ಬಿಟ್ಟರೆ ತಪ್ಪು. ನೋವೇ ಗೊತ್ತಾಗದ ಪಾದಕ್ಕೆ ಬ್ರೇಸ್ ಒತ್ತಿದರೆ ಆ ಮನುಷ್ಯ ದೂರು ಹೇಳುವುದೇ ಇಲ್ಲ. ಗಾಯ ಆದ ಮೇಲೇ ನಮಗೆ ಗೊತ್ತಾಗುವುದು.

ಸ್ವಲ್ಪ ಲೆಕ್ಕ

ಲೆಕ್ಕ ಅಂದ ತಕ್ಷಣ ಪುಟ ದಾಟಿಸಬೇಡಿ. ತೆಳ್ಳಗಿನ ಬ್ರೇಸ್ ಯಾರಿಗೆ, ದಪ್ಪದ್ದು ಯಾರಿಗೆ ಅನ್ನುವುದು ಇದರಲ್ಲೇ ಇದೆ.

60 ಕೆಜಿ ತೂಕದವರ ಒಂದು ಪಾದದ ತೂಕ ಸುಮಾರು 0.9 ಕೆಜಿ. ಆ ತೂಕದ ನಡುಬಿಂದು ಕೀಲಿನಿಂದ ಒಂದು 5 ಸೆಂ.ಮೀ. ಮುಂದೆ ಇದೆ ಅಂದುಕೊಳ್ಳಿ. ಕಾಲು ಗಾಳಿಯಲ್ಲಿದ್ದಾಗ ಪಾದ ಬೀಳದ ಹಾಗೆ ಹಿಡಿಯೋಕೆ ಬೇಕಾದ ತಿರುಗುಬಲ (ತೂಕ ಗುಣಿಸು ದೂರ) 0.9 ಗುಣಿಸು 5, ಅಂದರೆ 4.5 ಕೆಜಿ-ಸೆಂ.ಮೀ. ಒಂದು ಬೆರಳಲ್ಲಿ ಹಿಡಿಯಬಹುದು. ಈಗ ಅದೇ ಮನುಷ್ಯ ಮುಂದಿನ ಹೆಜ್ಜೆಗೆ ಹೊರಟು, ಇಡೀ ಮೈಭಾರ ಮುಂಗಾಲ ಮೇಲೆ ಬಂತು. ಮುಂಗಾಲು ಕೀಲಿನಿಂದ ಸುಮಾರು 12 ಸೆಂ.ಮೀ. ಮುಂದೆ. 60 ಗುಣಿಸು 12 ಅಂದರೆ 720. ಮೊದಲಿನದಕ್ಕಿಂತ 160 ಪಟ್ಟು!

ನಮ್ಮ ಬ್ಯಾಡಗಿಯ ಅಕ್ಕನಿಗೆ ಮೀನಖಂಡ ಗಟ್ಟಿ ಇದೆ. ನಿಂತಾಗಿನ ಭಾರ ಅವರ ಸ್ನಾಯುವೇ ನೋಡಿಕೊಳ್ಳುತ್ತದೆ. ಬ್ರೇಸ್‌ಗೆ ಆ 4.5ರ ಕೆಲಸ ಮಾತ್ರ. ಹಾಗಾಗಿ ತೆಳ್ಳಗಿನ, ಹಿಂಬದಿ ಎಲೆಯ ಹಾಗೆ ಬಾಗುವ ಬ್ರೇಸ್ ಸಾಕು. ಇದನ್ನು ಲೀಫ್ ಸ್ಪ್ರಿಂಗ್ ಅಂತಾರೆ. ಟ್ರಿಮ್ ಲೈನ್, ಅಂದರೆ ಪ್ಲಾಸ್ಟಿಕ್ ಕತ್ತರಿಸುವ ಗೆರೆ, ಕಾಲಗಂಟುಗಳ ಹಿಂದೆ ಹೋಗುತ್ತದೆ. ಮೀನಖಂಡವೂ ಸೋತವರಿಗೆ, ಜೋರು ಬಿಗಿತ ಇರುವವರಿಗೆ 720ರ ಕಡೆಯ ಕೆಲಸವೂ ಬ್ರೇಸ್ ಮೇಲೇ ಬೀಳುತ್ತದೆ. ಅಲ್ಲಿ ಗೆರೆ ಕಾಲಗಂಟುಗಳ ಮುಂದೆ ಬರಬೇಕು. ಅದು ಸಾಲಿಡ್ ಎಎಫ್‌ಓ. ಒಂದೇ ಅಚ್ಚು, ಒಂದೇ ಶೀಟ್, ಕತ್ತರಿಸುವ ಗೆರೆ ಒಂದೆರಡು ಸೆಂ.ಮೀ. ಆಚೀಚೆ ಆದರೆ ಬೇರೆಯೇ ಬ್ರೇಸ್.

ಬ್ರೇಸ್ ಪಾದವನ್ನು ಹಿಡಿಯುವುದು ಮೂರು ಕಡೆ ಒತ್ತಿ. ಅಂಗಾಲಿನ ಮುಂಭಾಗವನ್ನು ಮೇಲಕ್ಕೆ, ಮೀನಖಂಡವನ್ನು ಹಿಂದಿನಿಂದ ಮುಂದಕ್ಕೆ, ಮತ್ತು ನಡುವೆ ಪಾದದ ಮೇಲ್ಭಾಗವನ್ನು ಹಿಂದಕ್ಕೆ. ನಡುವಿನ ಒತ್ತು ಉಳಿದೆರಡನ್ನೂ ಕೂಡಿಸಿದಷ್ಟು ಇರುತ್ತದೆ. ಅದನ್ನು ಕೊಡುವುದು ಕೀಲಿನ ಮುಂದಿನ ವೆಲ್ಕ್ರೋ ಪಟ್ಟಿ ಅಥವಾ ಶೂ. ಆ ಪಟ್ಟಿ ಸಡಿಲ ಆದರೆ ಹಿಮ್ಮಡಿ ಮೇಲೇಳುತ್ತದೆ, ಇಡೀ ಬ್ರೇಸ್ ವ್ಯರ್ಥ. ಅಗಲ ಪಟ್ಟಿ ಹಾಕಿ, ಕೆಳಗೆ ಮೆತ್ತೆ ಇಡಿ. ಲಕ್ವಾ ಆದವರಿಗೆ ಒಂದೇ ಕೈ ಆಡುತ್ತದೆ ಅಲ್ವಾ? ಪಟ್ಟಿ ಎಳೆಯುವ ದಿಕ್ಕು ಆ ಕೈಗೆ ಸಿಗುವ ಹಾಗಿರಲಿ.

ನಾನು ಕೇಳದೆ ಬಿಟ್ಟ ಪ್ರಶ್ನೆ

ನವಲಗುಂದ ಕಡೆಯ ಒಬ್ಬ ಅಜ್ಜನಿಗೆ ನಾನೇ ಅಚ್ಚು ತೆಗೆದಿದ್ದೆ. ಅಳತೆ ಎಲ್ಲ ಸರಿ. ವರ್ಕ್‌ಶಾಪ್‌ನಲ್ಲಿದ್ದ ಒಂದು ಜೊತೆ ಶೂ ಹಾಕಿಸಿ ನಡೆಸಿದೆ, ಚಂದ ನಡೆದರು. ಎರಡು ವಾರಕ್ಕೆ ಮೊಣಕಾಲು ನೋವು ಅಂತ ವಾಪಸ್. ಬಂದಿದ್ದು ಹವಾಯಿ ಚಪ್ಪಲಿಯಲ್ಲಿ, ಬ್ರೇಸ್ ಚೀಲದಲ್ಲಿ.

"ಇದನ್ನ ಹಾಕ್ಕೊಂಡ್ರ ಚಪ್ಲಿ ಹೋಗವಲ್ದ್ರೀ ಸರ. ಮನ್ಯಾಗ ಹಂಗ ಹಾಕ್ಕೊಂಡ ಅಡ್ಡಾಡೀನಿ" ಅಂದರು.

ತಪ್ಪು ನನ್ನದೇ. ಆ ಶೂನ ಹಿಮ್ಮಡಿ ಮುಂಭಾಗಕ್ಕಿಂತ ಒಂದೂವರೆ ಸೆಂ.ಮೀ. ಎತ್ತರ ಇತ್ತು. ನಾನು ಅದಕ್ಕೆ ಹೊಂದಿಸಿ ಕೋನ ಇಟ್ಟಿದ್ದೆ. ಹಿಮ್ಮಡಿಯಿಂದ ಮುಂಗಾಲಿನವರೆಗೆ 18 ಸೆಂ.ಮೀ. ಅಂತ ಹಿಡಿದರೆ, ಒಂದೂವರೆ ಸೆಂ.ಮೀ. ಇಳಿದಾಗ ಕಣಕಾಲು ಸುಮಾರು 5 ಡಿಗ್ರಿ ಹಿಂದಕ್ಕೆ ವಾಲುತ್ತದೆ. ಗಟ್ಟಿ ಬ್ರೇಸ್‌ನಲ್ಲಿ ಕೀಲು ಬಾಗಲ್ಲ, ಹಾಗಾಗಿ ಆ 5 ಡಿಗ್ರಿ ಮೊಣಕಾಲಿಗೆ ಹೋಗುತ್ತದೆ. ಪ್ರತಿ ಹೆಜ್ಜೆಗೂ ಮೊಣಕಾಲನ್ನು ಹಿಂದಕ್ಕೆ ದೂಡಿದ ಹಾಗೆ. ಅದೇ ರೀತಿ ಕೋನ ಮುಂದಕ್ಕೆ ಜಾಸ್ತಿ ವಾಲಿದ್ದರೆ ಮೊಣಕಾಲು ಮಡಚಿಕೊಳ್ಳುತ್ತದೆ, ತೊಡೆ ಸೋತವರು ಕುಸಿಯುತ್ತಾರೆ.

ಪಾಠಗಳಲ್ಲಿ ಇರುವ ಮನುಷ್ಯ ದಿನವಿಡೀ ಶೂ ಹಾಕಿಕೊಂಡೇ ಇರುತ್ತಾನೆ. ನಮ್ಮವರು ಚಪ್ಪಲಿಯನ್ನು ಹೊಸ್ತಿಲ ಹೊರಗೇ ಬಿಡುತ್ತಾರೆ. ಈಗ ನಾನು ಕೇಳುವುದು ಇಷ್ಟು: ಹೊರಗೆ ಏನು ಹಾಕ್ತೀರಿ, ಮನೆಯಲ್ಲಿ ಏನು, ಊಟಕ್ಕೆ ನೆಲದ ಮೇಲೆ ಕೂರ್ತೀರಾ, ಹೊಲಕ್ಕೆ ಹೋಗ್ತೀರಾ, ಪಾಯಖಾನೆ ಯಾವ ಥರದ್ದು. ಮನೆಯೊಳಗೇ ಜಾಸ್ತಿ ಓಡಾಡುವವರಿಗೆ ಬರಿಗಾಲಿನ ಕೋನಕ್ಕೆ ಮಾಡಿ, ಬ್ರೇಸ್ ತಳಕ್ಕೆ ಜಾರದ ರಬ್ಬರ್ ಅಂಟಿಸಬೇಕು. ಬರೀ ಪ್ಲಾಸ್ಟಿಕ್ ಒದ್ದೆ ಕಡಪಾ ಕಲ್ಲಿನ ಮೇಲೆ ಜಾರುತ್ತದೆ. ಹೊರಗೆ ಹೋಗುವಾಗ ಹಿಂದೆ ಪಟ್ಟಿ ಇರುವ ಚಪ್ಪಟೆ ಸ್ಯಾಂಡಲ್, ಒಂದು ಸೈಜ್ ದೊಡ್ಡದು. ಸಾಲಿಡ್ ಬ್ರೇಸ್ ಹಾಕಿಕೊಂಡು ಕುಕ್ಕರಗಾಲಲ್ಲಿ ಕೂರೋಕೆ ಆಗಲ್ಲ. ಅದನ್ನು ಮೊದಲೇ ಹೇಳಿಬಿಡಿ.

ಮೋಲ್ಡ್ ಮೇಲೆ

ಇಲ್ಲಿ ಬೇಗ ಬೇಗ ಹೋಗ್ತೀನಿ, ಇದು ಕೈಯಿಂದಲೇ ಬರಬೇಕು. ಅಚ್ಚು ತೆಗೆಯುವ ಮೊದಲು ಕಾಪಿಂಗ್ ಪೆನ್ಸಿಲ್‌ನಿಂದ ಎರಡು ಕಾಲಗಂಟು, ಒಳಬದಿಯ ನ್ಯಾವಿಕ್ಯುಲರ್ ಎಲುಬು, ಕಿರುಬೆರಳಿನ ಕಡೆಯ ಐದನೇ ಮೆಟಟಾರ್ಸಲ್‌ನ ಬುಡ, ಫಿಬುಲಾದ ತಲೆ, ಇಷ್ಟಕ್ಕೂ ಗುರುತು ಹಾಕಿ. ಒದ್ದೆ ಪ್ಲಾಸ್ಟರ್‌ಗೆ ಆ ಗುರುತು ಅಂಟಿಕೊಂಡು ಬರುತ್ತದೆ. ಆ ಅಚ್ಚಿನೊಳಗೆ ಪ್ಲಾಸ್ಟರ್ ಸುರಿದರೆ ಕಾಲಿನ ಪಡಿಯಚ್ಚು ಸಿಗುತ್ತದೆ, ಅದೇ ಮೋಲ್ಡ್. ಎಲುಬು ಎದ್ದು ಕಾಣುವ ಕಡೆ ಮೋಲ್ಡ್ ಮೇಲೆ 3ರಿಂದ 5 ಮಿ.ಮೀ. ಪ್ಲಾಸ್ಟರ್ ಸೇರಿಸಿ. ಮೆತ್ತಗಿನ ಮಾಂಸ ಇರುವ ಕಡೆ ಸ್ವಲ್ಪ ಕೆರೆಯಿರಿ. ಸೇರಿಸಿದ ಕಡೆ ಜಾಗ ಸಿಗುತ್ತದೆ, ಕೆರೆದ ಕಡೆ ಬ್ರೇಸ್ ಒತ್ತಿ ಹಿಡಿಯುತ್ತದೆ. ಹೊಸಬರು ಇದನ್ನೇ ಉಲ್ಟಾ ಮಾಡುವುದು ಜಾಸ್ತಿ.

ಬ್ರೇಸ್‌ನ ಮೇಲಂಚು ಫಿಬುಲಾದ ತಲೆಗಿಂತ 2ರಿಂದ 2.5 ಸೆಂ.ಮೀ. ಕೆಳಗೆ ನಿಲ್ಲಬೇಕು. ಯಾಕೆ ಅಂತ ಈಗ ನಿಮಗೆ ಗೊತ್ತು. ಅಂಚು ಅಲ್ಲಿ ಒತ್ತಿದರೆ ಕುಕ್ಕರಗಾಲು ಮಾಡಿದ ಕೆಲಸವನ್ನೇ ನಮ್ಮ ಬ್ರೇಸ್ ಮಾಡುತ್ತದೆ. ತೀರ ಕೆಳಗೆ ಇಳಿಸಿದರೂ ಕಷ್ಟ, ಹಿಡಿತದ ಉದ್ದ ಕಡಿಮೆ ಆದಷ್ಟೂ ಮೀನಖಂಡದ ಮೇಲೆ ಒತ್ತಡ ಏರುತ್ತದೆ.

ಬಿಳಿ ಪಾಲಿಪ್ರೊಪಿಲೀನ್ ಶೀಟ್ ಓವನ್‌ನಲ್ಲಿ ಹದಕ್ಕೆ ಬಂದಾಗ ಗಾಜಿನ ಹಾಗೆ ಪಾರದರ್ಶಕ ಆಗುತ್ತದೆ. ನಡುವೆ ಎಲ್ಲಾದರೂ ಹಾಲಿನಂಥ ಕಲೆ ಉಳಿದಿದ್ದರೆ ತೆಗೆಯಬೇಡಿ. ವ್ಯಾಕ್ಯೂಮ್ ಎಳೆದ ಮೇಲೆ ರಾತ್ರಿಯಿಡೀ ಮೋಲ್ಡ್ ಮೇಲೇ ಬಿಡಿ. ಬಿಸಿ ಇರುವಾಗ ಬಿಡಿಸಿದರೆ ಆಕಾರ ತಿರುಚಿಕೊಳ್ಳುತ್ತದೆ. ಕತ್ತರಿಸಿದ ಅಂಚನ್ನು ನುಣುಪು ಮಾಡಿ. ಬ್ರೇಸ್ ಒಡೆಯುವುದು ಹೆಚ್ಚಾಗಿ ಅಂಚಿನ ಒಂದು ಸಣ್ಣ ಗೀರಿನಿಂದ, ಅದೂ ಕೀಲಿನ ಹತ್ತಿರ.

ಹಾಕಿಸಿದ ಮೇಲೆ

ಹತ್ತಿಯ ಸಾಕ್ಸ್ ಮೇಲೆ ಹಾಕಿಸಿ 20-30 ನಿಮಿಷ ಓಡಾಡಿಸಿ. ತೆಗೆದು ಚರ್ಮ ನೋಡಿ. ಮೀನಖಂಡದ ಮೇಲೆ ತೆಳು ಕೆಂಪು ಬಂದು 20 ನಿಮಿಷದಲ್ಲಿ ಹೋದರೆ ಪರವಾಗಿಲ್ಲ. ಎಲುಬಿನ ಮೇಲೆ ಕೆಂಪು ಬಿದ್ದು ಹೋಗದೇ ಉಳಿದರೆ ಮನೆಗೆ ಕಳಿಸಬೇಡಿ. ಕಪ್ಪು ಚರ್ಮದಲ್ಲಿ ಕೆಂಪು ಸರಿಯಾಗಿ ಕಾಣಲ್ಲ. ಕೈ ಹಿಂಬದಿಯಿಂದ ಮುಟ್ಟಿ ಬಿಸಿ ಇದೆಯಾ ನೋಡಿ. ಮೊದಲ ದಿನ ಒಂದೆರಡು ಗಂಟೆ, ಆಮೇಲೆ ದಿನದಿನಕ್ಕೆ ಏರಿಸುತ್ತಾ ಹೋಗಲಿ.

ಎಷ್ಟು ಹೊತ್ತು ಹಾಕಿಕೊಳ್ಳುತ್ತಾರೆ ಅನ್ನುವುದು ಎಷ್ಟು ದೊಡ್ಡ ವಿಷಯ ಅಂತ ತಿಳಿಯೋಕೆ ಮಕ್ಕಳ ಕ್ಲಬ್‌ಫುಟ್ ನೋಡಬೇಕು. ಅಂದರೆ ಹುಟ್ಟಿನಿಂದಲೇ ಪಾದ ಒಳಕ್ಕೆ ತಿರುಗಿರುವುದು. ಅದಕ್ಕೆ ಪೊನ್ಸೆಟಿ ವಿಧಾನದಲ್ಲಿ ವಾರಕ್ಕೊಂದರಂತೆ ಐದಾರು ಪ್ಲಾಸ್ಟರ್ ಹಾಕಿ ಪಾದ ತಿದ್ದುತ್ತಾರೆ. ಆಮೇಲೆ ಎರಡು ಶೂ ನಡುವೆ ಸರಳು ಇರುವ ಬ್ರೇಸ್. ಮೊದಲ 3 ತಿಂಗಳು ದಿನಕ್ಕೆ 23 ಗಂಟೆ, ನಂತರ ನಿದ್ದೆಯ ಹೊತ್ತಿಗೆ, 4 ವರ್ಷ ಆಗುವವರೆಗೆ. ಪಾದ ಮತ್ತೆ ತಿರುಗಿಕೊಳ್ಳೋಕೆ ದೊಡ್ಡ ಕಾರಣ ಬ್ರೇಸ್ ನಡುವೆ ಬಿಟ್ಟುಬಿಡುವುದೇ. ಮಗು ಅಳುತ್ತದೆ, ಅಜ್ಜಿ 'ಪಾಪ, ತೆಗೀವಾ' ಅಂತಾರೆ. ಹಾಗಾಗಿ ಅಜ್ಜಿಯನ್ನೂ ಕೂರಿಸಿಕೊಂಡು ಹೇಳಿ.

ದೊಡ್ಡವರು ಅಳುವುದಿಲ್ಲ, ಮೂಲೆಗೆ ಇಡುತ್ತಾರೆ. ಎರಡು ವಾರಕ್ಕೆ ಮತ್ತೆ ಬಂದಾಗ 'ದಿನಾ ಹಾಕ್ಕೊಂತೀನ್ರೀ' ಅಂತಾರೆ. ಬ್ರೇಸ್ ಇಸಕೊಂಡು ಅಡಿ ತಿರುಗಿಸಿ ನೋಡಿ. ರಬ್ಬರ್ ಸವೆದಿಲ್ಲ, ಅಂಚಿನಲ್ಲಿ ಎರೆಮಣ್ಣು ಇಲ್ಲ, ವೆಲ್ಕ್ರೋದಲ್ಲಿ ಒಂದು ಕೂದಲೂ ಸಿಕ್ಕಿಲ್ಲ ಅಂದರೆ ಹಾಕಿಕೊಂಡೇ ಇಲ್ಲ. ಬೈಯೋಕೆ ಹೋಗಬೇಡಿ. ಸ್ಟೂಲ್ ಎಳೆದುಕೊಂಡು ಕೂತು, ಎಲ್ಲಿ ಹತ್ತುತ್ತದೆ ಅಂತ ಕೇಳಿ. ಬೆರಳಿಟ್ಟು ತೋರಿಸುತ್ತಾರೆ. ಅಲ್ಲಿ ಪೆನ್ಸಿಲ್ ಗುರುತು ಹಾಕಿ ಹೀಟ್ ಗನ್ ಆನ್ ಮಾಡಿ.